ಬೆರಳ ಬಿಸಿಗೆ ಏರಿದ ಮುಳ್ಳು

ಡಬ್ಬಿ ಎಂದು ಎಲ್ಲರೂ ಕರೆಯುತ್ತಿದ್ದ ಆ ಲ್ಯಾಬ್ ಸಹಾಯಕನ ಬಳಿ ಹೇಳಿಕೊಳ್ಳುವಂಥ ಆಸ್ತಿ ಒಂದೇ ಇತ್ತು, ಅವನ ಸಹಿ. ಎಡದಲ್ಲಿ ಎದ್ದು, ನಡುವೆ ಎರಡು ಸುತ್ತು ಸುತ್ತಿ, ಗಾಳಿಪಟದ ಬಾಲದಂತೆ ಬಲಕ್ಕೆ ಹಾರಿಹೋಗುವ ಸಹಿ. ಡಿಪ್ಲೊಮಾದ ಮೂರು ವರ್ಷಗಳಲ್ಲಿ ಅವನು ಶ್ರದ್ಧೆಯಿಟ್ಟು ಕಲಿತದ್ದು ಅದೊಂದನ್ನೇ. ಮಿಕ್ಕದ್ದೆಲ್ಲ ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕದಿಂದ ಅವನ ಪುಸ್ತಕಕ್ಕೆ ಬಂದು, ಅಲ್ಲಿಂದ ಮುಂದಿನ ವರ್ಷದವರ ಪುಸ್ತಕಕ್ಕೆ ಹೋಗಿತ್ತು. ದಾರಿಯಲ್ಲಿ ಅವನ ತಲೆಯನ್ನು ಮುಟ್ಟಿರಲಿಲ್ಲ.

ಓದು ಮುಗಿಸಿ ಎರಡು ವರ್ಷ ಮನೆಯಲ್ಲಿ ಅಮ್ಮನ ಕಣ್ಣಿಗೆ ಬೀಳದಂತೆ ಓಡಾಡಿದ ಮೇಲೆ, ಓದಿದ ಪಾಲಿಟೆಕ್ನಿಕ್ಕಿನಲ್ಲೇ ಅವನಿಗೆ ಗುತ್ತಿಗೆಯ ಮೇಲೆ ಕೆಲಸ ಸಿಕ್ಕಿತು. ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ವಿದ್ಯಾರ್ಥಿಗಳಿಗೆ ಬಿಡಿಭಾಗಗಳ ಪ್ಲಾಸ್ಟಿಕ್ ಡಬ್ಬಿ ಕೊಡುವುದು, ಮುಗಿದ ಮೇಲೆ ಇಸಿದುಕೊಳ್ಳುವುದು, ಸುಟ್ಟವನ್ನು ಎಸೆಯುವುದು. ಹೆಸರು ಡಬ್ಬಿಯಾಯಿತು. ಮೊದಮೊದಲು ಅವನಿಗೆ ಬೇಸರವಾಗಿತ್ತು. ಆಮೇಲೆ, ಒಳಗೆ ಏನಿದೆ ಎಂದು ಗೊತ್ತಿಲ್ಲದೆ ಮುಚ್ಚಳ ಹಾಕಿಕೊಂಡು ಕೂತಿರುವ ವಸ್ತುವಿಗೆ ಅದು ಒಪ್ಪುವ ಹೆಸರೇ ಎಂದು ಅವನಿಗೇ ಅನ್ನಿಸಿತು.

ಸಹಿಗೆ ಬೆಲೆ ಬಂದದ್ದು ರಿಪೇರಿ ಅಕ್ಕನಿಂದ.

ರಿಪೇರಿ ಅಕ್ಕ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ, ಬೀಗದಂಗಡಿಗೂ ದರ್ಜಿಯ ಅಂಗಡಿಗೂ ನಡುವೆ, ಎರಡು ಮಂಚ ಹಿಡಿಸುವಷ್ಟು ಅಗಲದ ಜಾಗದಲ್ಲಿ ಕೂತು ಕೆಟ್ಟದ್ದನ್ನೆಲ್ಲ ಸರಿಮಾಡುವವಳು. ಅಂಗಡಿ ಅವಳ ಅಪ್ಪನದು. ಅಪ್ಪ ರೇಡಿಯೋ ಕಾಲದವನು. ಅವಳು ಹತ್ತನೇ ತರಗತಿ ಮುಗಿಸಿದ ಬೇಸಿಗೆಯಲ್ಲಿ ಅವನ ಕೈ ಮುರಿಯಿತು. ಕೈ ಕೂಡುವವರೆಗೆ ಬೆಸುಗೆ ಹಾಕಿಕೊಡು ಮಗಳೇ ಎಂದು ಕೂರಿಸಿಕೊಂಡ. ಕೈ ಒಂದೂವರೆ ತಿಂಗಳಲ್ಲಿ ಕೂಡಿತು, ಮಗಳು ಇಪ್ಪತ್ತಮೂರು ವರ್ಷವಾದರೂ ಎದ್ದಿರಲಿಲ್ಲ. ರೇಡಿಯೋ ಹೋಗಿ ಟಿವಿ ಬಂತು, ಟಿವಿ ಹೋಗಿ ಮೊಬೈಲ್ ಬಂತು. ನಡುವೆ ಅವಳ ಮದುವೆಯಾಯಿತು. ಬಸ್ ಓಡಿಸುವ ಗಂಡ ಬೆಳಿಗ್ಗೆ ಹೋಗುವಾಗ ಅವಳನ್ನು ಅಂಗಡಿಗೆ ಬಿಟ್ಟು, ಸಂಜೆ ಬರುವಾಗ ಅದೇ ಸ್ಟೂಲಿನಿಂದ ಎಬ್ಬಿಸಿಕೊಂಡು ಹೋಗುತ್ತಿದ್ದ. ಅಪ್ಪನ ಕಣ್ಣಿಗೆ ಪೊರೆ ಬಂದು ಮಬ್ಬಾದ ಮೇಲೆ ಅವನು ಮೂಲೆಯ ಕುರ್ಚಿಗೆ ಸರಿದು, ಬೆರಳಲ್ಲಿ ತಡವಿ ರೆಸಿಸ್ಟರುಗಳನ್ನು ಬೇರೆ ಮಾಡುತ್ತಾ, ಮಗಳ ಬೆಸುಗೆಯ ಸದ್ದು ಕೇಳಿಯೇ ತಪ್ಪು ಹಿಡಿಯುತ್ತಿದ್ದ. "ಕಡ್ಡಿ ಕಾದಿಲ್ಲ ನೋಡು," ಎನ್ನುತ್ತಿದ್ದ. ಕಾದಿರುತ್ತಿರಲಿಲ್ಲ.

ಒಂದು ದಿನ ಆಸ್ಪತ್ರೆಯ ಸಿಸ್ಟರೊಬ್ಬರು, ರೋಗಿಯ ಬೆರಳಿಗೆ ಸಿಕ್ಕಿಸಿ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ನೋಡುವ ಕ್ಲಿಪ್ ಒಂದನ್ನು ಹಿಡಿದು ಬಂದರು. ಕಂಪನಿಯವರು ಹೊಸದು ತಗೊಳ್ಳಿ ಅಂತಾರೆ, ಏನಾದರೂ ಆಗುತ್ತಾ ನೋಡಮ್ಮ ಎಂದರು. ಆಯಿತು. ಆಮೇಲೆ ಇನ್ನೊಂದು ಬಂತು, ಅದರ ಹಿಂದೆ ಬುಟ್ಟಿಗಟ್ಟಲೆ ಬಂತು. ಅವಳು ಸರಿಮಾಡಿದ ಕ್ಲಿಪ್ಪು ಮತ್ತೆ ಅಂಗಡಿಯ ಮುಖ ನೋಡುತ್ತಿರಲಿಲ್ಲ. ಆದರೆ ಆಸ್ಪತ್ರೆಯ ನಿಯಮ ಒಂದಿತ್ತು. ದುರಸ್ತಿಯ ಫಾರಂ ಕೆಳಗೆ ಡಿಪ್ಲೊಮಾ ಆದವರೇ ಸಹಿ ಮಾಡಬೇಕು. ಹಾಗಾಗಿ ಪ್ರತಿ ಶನಿವಾರ ಮಧ್ಯಾಹ್ನ ಡಬ್ಬಿ ಅಂಗಡಿಗೆ ಬಂದು, ಸ್ಟೂಲ್ ಎಳೆದುಕೊಂಡು, "ಮೇಲ್ಕಂಡ ಉಪಕರಣವನ್ನು ನಾನು ಖುದ್ದಾಗಿ ಪರೀಕ್ಷಿಸಿ ದುರಸ್ತಿಗೊಳಿಸಿರುತ್ತೇನೆ" ಎಂಬ ಸಾಲಿನ ಕೆಳಗೆ ತನ್ನ ಗಾಳಿಪಟ ಹಾರಿಸುತ್ತಿದ್ದ. ಕ್ಲಿಪ್ಪನ್ನು ಬಿಚ್ಚಲು ಸ್ಕ್ರೂ ಎಲ್ಲಿದೆ ಎಂಬುದೂ ಅವನಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಅಮ್ಮ ಮಾತ್ರ, ಇಡೀ ಆಸ್ಪತ್ರೆ ನಮ್ಮವನ ಕೈಲಿ ನಿಂತಿದೆ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು.

"ಏನು ಡಾಕ್ಟ್ರೇ, ಬಂದ್ರಾ?" ಎಂದು ಅಕ್ಕ ಅವನನ್ನು ಕಿಚಾಯಿಸುತ್ತಿದ್ದಳು. "ಇವತ್ತು ಹದಿನಾಲ್ಕು ರಿಪೇರಿ ಮಾಡಿದ್ದೀಯ. ಸುಸ್ತಾಗಿರುತ್ತೆ, ಕೂತ್ಕೋ."

ಅವನೂ ನಗುತ್ತಿದ್ದ. ಆದರೆ ಅಕ್ಕನ ಒಳಗೆ ಆ ನಗು ಇರಲಿಲ್ಲ ಎಂಬುದು ಅವನಿಗೆ ತಿಳಿದದ್ದು, ಮೂವತ್ತೆಂಟನೆಯ ವಯಸ್ಸಿನಲ್ಲಿ ಅವಳು ಅವನ ಪಾಲಿಟೆಕ್ನಿಕ್ಕಿನ ಸಂಜೆಯ ಡಿಪ್ಲೊಮಾ ತರಗತಿಗೆ ಸೇರಿ, ತನ್ನ ಅರ್ಧ ವಯಸ್ಸಿನವರ ನಡುವೆ ಮೊದಲ ಬೆಂಚಿನಲ್ಲಿ ಕೂತಾಗ. ಅವಳಿಗೆ ಬೇಕಾಗಿದ್ದದ್ದು ಒಂದೇ. ಆ ಸಾಲಿನ ಕೆಳಗೆ ತನ್ನ ಹೆಸರು.

ತರಗತಿಯಲ್ಲಿ ಅರೆವಾಹಕಗಳ ಪಾಠ ಮಾಡುತ್ತಿದ್ದವರನ್ನು ಪಾಯಿಂಟ್ ಸೆವೆನ್ ಮೇಷ್ಟ್ರು ಎನ್ನುತ್ತಿದ್ದರು. ಒಳ್ಳೆಯ ಮನುಷ್ಯ, ಯಾರನ್ನೂ ಬೈದವರಲ್ಲ. ಆದರೆ ಇಪ್ಪತ್ತೆರಡು ವರ್ಷದಿಂದ ಒಂದೇ ನೋಟ್ಸು. ಡಯೋಡ್ ಎಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಾಗಿಲು, ಆ ಬಾಗಿಲನ್ನು ತೆರೆಯಲು ಸೊನ್ನೆ ಪಾಯಿಂಟ್ ಏಳು ವೋಲ್ಟ್ ತಳ್ಳಬೇಕು, ಬರ್ಕೊಳ್ಳಿ. ಯಾಕೆ ಏಳು ಎಂದು ಅಕ್ಕ ಎದ್ದು ಕೇಳಿದಾಗ, ಸಿಲಿಕಾನಿಗೆ ಅಷ್ಟೇ ಇರುತ್ತಮ್ಮ, ಪರೀಕ್ಷೆಯಲ್ಲಿ ಯಾಕೆ ಅಂತ ಕೇಳಲ್ಲ ಎಂದಿದ್ದರು.

ಯಾಕೆ ಎಂಬುದನ್ನು ಅವಳು ತಾನೇ ಪುಸ್ತಕದಲ್ಲಿ ಹುಡುಕಿ, ಒಂದು ಶನಿವಾರ ಡಬ್ಬಿಗೆ ಹೇಳಿದಳು. ಅವನು ಕೇಳಿರಲಿಲ್ಲ. ಅಪ್ಪನಿಗೆ ಹೇಳುತ್ತಿದ್ದಳು, ಇವನು ನಡುವೆ ಸಿಕ್ಕಿಕೊಂಡ.

ಆಸ್ಪತ್ರೆಯ ಹೊರಗೆ ಚೀಟಿ ಹಿಡಿದು ಬೆಂಚಿನ ಮೇಲೆ ಒತ್ತಿಕೊಂಡು ಕೂತ ಜನರನ್ನು ನೆನೆಸಿಕೋ ಎಂದಳು. ಬೆಂಚು ಪೂರ್ತಿ ತುಂಬಿದೆ, ಯಾರೂ ಅಲುಗಾಡುವಂತಿಲ್ಲ. ಅದು ಅಪ್ಪಟ ಸಿಲಿಕಾನ್. ಕೂತವರು ಎಲೆಕ್ಟ್ರಾನುಗಳು. ಜಾಗವಿಲ್ಲದಿದ್ದರೆ ಹರಿವಿಲ್ಲ, ಹರಿವಿಲ್ಲದಿದ್ದರೆ ಕರೆಂಟಿಲ್ಲ. ಈಗ ಬಾಗಿಲ ಬಳಿಯ ಒಬ್ಬ ಒಳಗೆ ಹೋದ. ಪಕ್ಕದವನು ಆ ಜಾಗಕ್ಕೆ ಸರಿದ, ಅವನ ಜಾಗಕ್ಕೆ ಅವನ ಪಕ್ಕದವನು. ಜನ ಸರಿದದ್ದು ಬಾಗಿಲ ಕಡೆಗೆ, ಖಾಲಿ ಜಾಗ ಸರಿದದ್ದು ಹಿಂದಕ್ಕೆ. ಆ ಖಾಲಿ ಜಾಗಕ್ಕೆ ಪುಸ್ತಕದಲ್ಲಿ ರಂಧ್ರ ಅಂತ ಹೆಸರು. ಕೋಟಿ ಪರಮಾಣುವಿಗೆ ಒಂದರಂತೆ ರಂಜಕ ಬೆರೆಸಿದರೆ, ಕೂರಲು ಜಾಗವಿಲ್ಲದೆ ನಿಂತಿರುವ ಒಬ್ಬ ಹೆಚ್ಚುವರಿ ಮನುಷ್ಯ ಬಂದಂತೆ. ಬೋರಾನ್ ಬೆರೆಸಿದರೆ ಒಂದು ಖಾಲಿ ಜಾಗ ಬಂದಂತೆ. ಈ ಎರಡು ಬೆಂಚನ್ನು ಜೋಡಿಸಿದರೆ ಗಡಿಯಲ್ಲಿ ನಿಂತವರು ಖಾಲಿ ಜಾಗದಲ್ಲಿ ಕೂತುಬಿಡುತ್ತಾರೆ. ಗಡಿ ನಿಶ್ಶಬ್ದವಾಗುತ್ತದೆ. ಅದನ್ನು ದಾಟಿಸಲು ಒಂದು ದೂಡು ಬೇಕು. ಸಿಲಿಕಾನಿಗೆ ಏಳು.

"ಜರ್ಮೇನಿಯಂಗೆ ಮೂರು," ಮೂಲೆಯಿಂದ ಅಪ್ಪ ಸೇರಿಸಿದ. "ನಮ್ಮ ರೇಡಿಯೋಗಳಲ್ಲಿ ಎಲ್ಲಾ ಜರ್ಮೇನಿಯಮ್ಮೇ. ಆದ್ರೆ ಆ ಜನ ಚಂಚಲ. ಸ್ವಲ್ಪ ಬಿಸಿ ತಾಗಿದ್ರೆ ಸಾಕು, ತಡೀಲಾರದೆ ಎದ್ದು ಓಡಾಡ್ತಾರೆ. ಹಿಂದಕ್ಕೂ ಸೋರುತ್ತೆ. ಬಿಸಿಲಲ್ಲಿ ರೇಡಿಯೋ ಇಟ್ರೆ ಹಾಡೋನ ಗಂಟಲು ಕಟ್ಟೋದು."

ಡಬ್ಬಿಗೆ ಅವತ್ತು ಏನೋ ಅರ್ಥವಾದಂತಾಯಿತು. ಆ ಅನುಭವ ಹೊಸದಾದ್ದರಿಂದ ಮೊದಲು ತಲೆನೋವಿರಬೇಕು ಅಂದುಕೊಂಡ.

ಮೂರನೆಯ ವರ್ಷದ ಕೊನೆಗೆ, ಪ್ರಾಯೋಗಿಕ ಪರೀಕ್ಷೆಯ ಹಿಂದಿನ ದಿನ ಅವನು ಇಪ್ಪತ್ತನಾಲ್ಕು ಕಿಟ್ ತಯಾರು ಮಾಡಬೇಕಿತ್ತು. ಸಿಲಿಕಾನ್ ಡಯೋಡುಗಳ ಡ್ರಾಯರಿನಲ್ಲಿ ಉಳಿದದ್ದು ಏಳೆಂಟು. ಮಿಕ್ಕವನ್ನು ವಿದ್ಯಾರ್ಥಿಗಳು ವರ್ಷವಿಡೀ ರೆಸಿಸ್ಟರ್ ಹಾಕದೆ ನೇರ ಸಪ್ಲೈಗೆ ಸಿಕ್ಕಿಸಿ ಸುಟ್ಟಿದ್ದರು. ಬೀರುವಿನ ಮೇಲೆ ಕೈಯಾಡಿಸಿದಾಗ ಧೂಳು ಹಿಡಿದ ತಗಡಿನ ಪೆಟ್ಟಿಗೆ ಸಿಕ್ಕಿತು. ಒಳಗೆ ಗಾಜಿನ ಡಯೋಡುಗಳು, ಬೇಕಾದಷ್ಟು. ಚೀಟಿ ಉದುರಿಹೋಗಿತ್ತು. ಗಾಜು ಸ್ವಲ್ಪ ದಪ್ಪ ಅನ್ನಿಸಿತು. ಗಾಜಿನ ಡಯೋಡ್ ಅಂದ್ರೆ ಗಾಜಿನ ಡಯೋಡು ಎಂದು ಎಲ್ಲ ಕಿಟ್ಟಿಗೂ ಒಂದೊಂದು ಹಾಕಿ, ಬೇಗ ಮನೆಗೆ ಹೋದ. ಮೀಟರಿನಲ್ಲಿ ಒಮ್ಮೆ ಮುಟ್ಟಿಸಿದ್ದರೆ ಅರ್ಧ ನಿಮಿಷದ ಕೆಲಸ. ಅರ್ಧ ನಿಮಿಷ ಅವನ ಬಳಿ ಧಾರಾಳವಾಗಿತ್ತು, ಅಭ್ಯಾಸವಿರಲಿಲ್ಲ.

ಪರೀಕ್ಷೆಯ ದಿನ ಇಪ್ಪತ್ತನಾಲ್ಕು ಜನ ವೈರು ಸಿಕ್ಕಿಸಿದರು, ಮೀಟರಿನ ಮುಂದೆ ಗಂಭೀರವಾಗಿ ಬಗ್ಗಿದರು, ಬರೆದರು. ಇಪ್ಪತ್ತಮೂರು ಜನರ ಗ್ರಾಫು ಸೊನ್ನೆ ಪಾಯಿಂಟ್ ಏಳರಲ್ಲಿ ಮೊಣಕಾಲಿನಂತೆ ಬಾಗಿ ಮೇಲೆದ್ದಿತ್ತು. ಹಿಮ್ಮುಖವಾಗಿ ಜೋಡಿಸಿದಾಗ ಕರೆಂಟು ಸೊನ್ನೆ. ಅಕ್ಕನ ಗ್ರಾಫು ಸೊನ್ನೆ ಪಾಯಿಂಟ್ ಮೂರರಲ್ಲೇ ಬಾಗಿತ್ತು, ಹಿಮ್ಮುಖದಲ್ಲಿ ಐದು ಮೈಕ್ರೋ ಆಂಪಿಯರ್ ಸೋರಿಕೆ ಬರೆದಿದ್ದಳು.

ಮೇಷ್ಟ್ರು ಅವಳ ಹಾಳೆ ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದರು. ತಪ್ಪಾಗಿದೆ, ಇನ್ನೂ ಹತ್ತು ನಿಮಿಷ ಇದೆ, ತಿದ್ದಿಬಿಡಮ್ಮ ಎಂದು ಮೆಲ್ಲಗೆ ಹೇಳಿದರು. ಪಕ್ಕದ ಹಾಳೆಯನ್ನು ಅವಳಿಗೆ ಕಾಣುವಂತೆ ಸ್ವಲ್ಪ ಸರಿಸಿದರು ಕೂಡ.

"ಮೀಟರ್ ತೋರಿಸಿದ್ದನ್ನ ಬರೆದಿದ್ದೀನಿ ಸಾರ್," ಅಂದಳು ಅಕ್ಕ. "ತಪ್ಪಿದ್ರೆ ಮೀಟರನ್ನ ಫೇಲ್ ಮಾಡಿ."

ಲ್ಯಾಬಿನಲ್ಲಿ ಯಾರೋ ಕಿಸಕ್ಕೆಂದರು. ಮೇಷ್ಟ್ರ ಮುಖ ಕೆಂಪಾಯಿತು. ಫೇಲಾದದ್ದು ಮೀಟರಲ್ಲ. ಆ ಪ್ರಯೋಗಕ್ಕೆ ಅವಳಿಗೆ ಸೊನ್ನೆ ಬಿತ್ತು, ಆ ಸೊನ್ನೆಯಿಂದ ಪರೀಕ್ಷೆಯೇ ಹೋಯಿತು. ಮತ್ತೆ ಕೂರಬೇಕೆಂದರೆ ಒಂದು ವರ್ಷ. ಆಸ್ಪತ್ರೆಯವರು ಮುಂದಿನ ಎರಡು ವರ್ಷಕ್ಕೆ ಅಧಿಕೃತ ತಂತ್ರಜ್ಞರ ಪಟ್ಟಿ ಮಾಡುತ್ತಿದ್ದದ್ದು ಆ ತಿಂಗಳ ಕೊನೆಗೆ. ಡಿಪ್ಲೊಮಾ ಇಲ್ಲದವರ ಹೆಸರು ಅದರಲ್ಲಿ ಬರುವಂತಿರಲಿಲ್ಲ, ಮತ್ತು ಈ ಸಲ ಸಹಿ ಮಾಡುವವನೇ ಕೆಲಸ ಮಾಡಿ ತೋರಿಸಬೇಕು ಎಂಬ ಮಾತೂ ಇತ್ತು. ಹಾಗಾದರೆ ಡಬ್ಬಿಯ ಗಾಳಿಪಟವೂ ನೆಲಕ್ಕೆ ಬೀಳುವುದು ಖಂಡಿತ, ಅಂಗಡಿಗೆ ಬುಟ್ಟಿ ಬರುವುದೂ ನಿಲ್ಲುವುದು ಖಂಡಿತ.

ಫಲಿತಾಂಶ ಅಂಟಿಸಿದ ದಿನ ಅವನಿಗೆ ಅಕ್ಕ ಬರೆದಿದ್ದ ಅಂಕಿ ನೆನಪಾಯಿತು. ಸೊನ್ನೆ ಪಾಯಿಂಟ್ ಮೂರು. ಆ ಅಂಕಿಯನ್ನು ಅವನು ಕೇಳಿದ್ದ, ಮೂಲೆಯ ಕುರ್ಚಿಯಿಂದ. ಲ್ಯಾಬಿಗೆ ಹೋಗಿ ತಗಡಿನ ಪೆಟ್ಟಿಗೆ ಕೆಳಗಿಳಿಸಿ, ತಳ ತಿರುಗಿಸಿ ಉಗುರಿನಿಂದ ಧೂಳು ಕೆರೆದ. ಪೆನ್ಸಿಲಿನಲ್ಲಿ ಯಾವ ಕಾಲದಲ್ಲೋ ಯಾರೋ ಬರೆದಿದ್ದರು: ಜರ್ಮೇನಿಯಂ.

ಆಗ ಅವನಿಗೆ ಹೊಳೆದ ಮೊದಲ ಉಪಾಯ ಶೌರ್ಯದ್ದಾಗಿರಲಿಲ್ಲ. ಪೆಟ್ಟಿಗೆಯನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಎಲ್ಲಾದರೂ ಎಸೆದುಬಿಡುವುದು. ಅರ್ಧ ಉಪಾಯವನ್ನು ಜಾರಿಗೂ ತಂದ, ಚೀಲಕ್ಕೆ ಹಾಕಿದ. ಆದರೆ ಕಾಲು ಹೋದದ್ದು ಆಸ್ಪತ್ರೆಯ ಹಿಂದಿನ ಬೀದಿಗೆ.

ಅಕ್ಕ ಕ್ಲಿಪ್ ಬಿಚ್ಚಿಕೊಂಡು ಕೂತಿದ್ದಳು. ಕ್ಲಿಪ್ಪಿನ ಒಂದು ತುಟಿಯಲ್ಲಿ ಬೆಳಕು ಕೊಡುವ ಪುಟ್ಟ ದೀಪ, ಎದುರಿನ ತುಟಿಯಲ್ಲಿ ಬೆಳಕು ಬಿದ್ದಾಗ ಕರೆಂಟು ಕೊಡುವ ಚಿಕ್ಕ ಚೌಕ. ಎರಡೂ ಅರೆವಾಹಕಗಳೇ. ನಡುವೆ ಸಿಕ್ಕಿದ ಬೆರಳಿನ ರಕ್ತ ಎಷ್ಟು ಬೆಳಕು ಕುಡಿಯಿತು ಎನ್ನುವುದೇ ಲೆಕ್ಕ. ಅವನು ಪೆಟ್ಟಿಗೆಯನ್ನು ಬೆಂಚಿನ ಮೇಲಿಟ್ಟ. ಅಪ್ಪ ಕೈ ಚಾಚಿ ಒಂದು ಡಯೋಡ್ ತೆಗೆದು, ಗಾಜನ್ನು ಬೆರಳ ನಡುವೆ ಹೊರಳಿಸಿ, ಹಳೇ ಗೆಳೆಯನ ಕೈ ಸಿಕ್ಕಿದಂತೆ ನಕ್ಕ.

"ಇದು ಎಲ್ಲಿತ್ತೋ?"

ಡಬ್ಬಿ ತಲೆ ತಗ್ಗಿಸಿ ಎಲ್ಲ ಹೇಳಿದ. ಅಕ್ಕ ಆಶ್ಚರ್ಯಪಡಲಿಲ್ಲ. ಪರೀಕ್ಷೆಯ ದಿನವೇ ತನಗೆ ಗೊತ್ತಾಗಿತ್ತು ಎಂದಳು. ಹಿಮ್ಮುಖದಲ್ಲಿ ಮುಳ್ಳು ಅಲುಗಾಡಿದ್ದು ನೋಡಿ ಗಾಜಿನ ಮೇಲೆ ಬೆರಳಿಟ್ಟಿದ್ದಳಂತೆ, ಮುಳ್ಳು ಇನ್ನೂ ಏರಿತಂತೆ.

"ಮತ್ತೆ ಅಲ್ಲೇ ಯಾಕೆ ಹೇಳ್ಲಿಲ್ಲ ಅಕ್ಕ?"

"ಹೇಳಿದ್ರೆ ಕಿಟ್ ಕಟ್ಟಿದ್ದು ಯಾರು ಅಂತ ಕೇಳೋರು." ಅವಳು ಕ್ಲಿಪ್ಪಿನಿಂದ ಕಣ್ಣೆತ್ತಲಿಲ್ಲ. "ನನಗೇನು, ಬಂದಿದ್ದನ್ನ ಬರೆದೆ, ಅಷ್ಟು ಸಾಕು ಅಂದ್ಕೊಂಡೆ. ಸಾಕಾಗ್ಲಿಲ್ಲ. ನಾಳೆ ಪ್ರಿನ್ಸಿಪಾಲರ ಹತ್ರ ಹೋಗ್ತೀನಿ. ನನ್ನ ಕಿಟ್ಟನ್ನೇ ತೆಗೆಸಿ ಮತ್ತೆ ಅಳೀರಿ ಅಂತೀನಿ. ನಿನ್ನ ಹೆಸರು ಎತ್ತಲ್ಲ, ಹೆದರ್ಬೇಡ."

ಹೆದರಬೇಡ ಎಂದು ಕೇಳಿದ ಕೂಡಲೇ ಅವನಿಗೆ ಎಷ್ಟು ನೆಮ್ಮದಿಯಾಯಿತೆಂದರೆ, ಆ ನೆಮ್ಮದಿಯ ಬಗ್ಗೆಯೇ ನಾಚಿಕೆಯಾಯಿತು. ಮನೆಗೆ ಹೋದ ಮೇಲೆ ಊಟ ಸೇರಲಿಲ್ಲ. ಅಟ್ಟದ ಮೇಲಿನ ಟ್ರಂಕು ತೆಗೆದು ತನ್ನ ಹಳೆಯ ರೆಕಾರ್ಡ್ ಪುಸ್ತಕ ಹುಡುಕಿದ. ಆರನೆಯ ಪುಟ, ಡಯೋಡಿನ ಗ್ರಾಫು, ಸೊನ್ನೆ ಪಾಯಿಂಟ್ ಏಳು, ಕೆಂಪು ಶಾಯಿಯಲ್ಲಿ "ಉತ್ತಮ". ಅಮ್ಮ ಇಣುಕಿ, ಇಷ್ಟು ಹೊತ್ತಿಗೆ ಓದೋಕೆ ಕೂತಿದ್ದೀಯಾ, ಅಂಥಾದ್ದೇನಾಯ್ತು ಎಂದಳು. ಓದುವಾಗ ಇಷ್ಟು ಓದಿದ್ದರೆ ಎಂದು ಗೊಣಗಿಕೊಂಡು ಹೋದಳು. ಅಂಗಡಿಯಿಂದ ವಾಪಸು ತಂದಿದ್ದ ಪೆಟ್ಟಿಗೆಯ ಜೊತೆಗೆ ಅವನು ಪುಸ್ತಕವನ್ನೂ ಚೀಲಕ್ಕೆ ಹಾಕಿದ. ಯಾಕೆಂದು ತನಗೇ ಸರಿಯಾಗಿ ಹೇಳಿಕೊಂಡಿರಲಿಲ್ಲ.

ಮರುದಿನ ಪ್ರಿನ್ಸಿಪಾಲರು ಅರ್ಜಿ ಓದಿ, ಎದ್ದು ನೇರ ಲ್ಯಾಬಿಗೇ ಬಂದರು. ಮಾತಿಗಿಂತ ಮೀಟರನ್ನು ನಂಬುವ ಹಳೆಯ ಎಂಜಿನಿಯರು, ಹತ್ತು ವರ್ಷದಿಂದ ಫೈಲುಗಳನ್ನು ಮಾತ್ರ ಮುಟ್ಟುತ್ತಿದ್ದವರು. ಅಕ್ಕನ ಕಿಟ್ಟಿಗೆ ಪರೀಕ್ಷೆ ಮುಗಿದ ಮೇಲೆ ಹಾಕಿದ ಸೀಲು ಹಾಗೇ ಇತ್ತು. ಡಬ್ಬಿ ಬ್ರೆಡ್‌ಬೋರ್ಡು, ಸಪ್ಲೈ, ಮುಳ್ಳಿನ ಮೀಟರು ತಂದಿಟ್ಟು ಗೋಡೆಗೆ ಒರಗಿ ನಿಂತ.

ಅಕ್ಕ ಮುಂದೆ ಬಂದಳು. ಸರ್ಕ್ಯೂಟ್ ಕಟ್ಟಿದಳು. ಸೊನ್ನೆ ಪಾಯಿಂಟ್ ಮೂರಕ್ಕೆ ಕರೆಂಟು ಎದ್ದಿತು. ಪ್ರಿನ್ಸಿಪಾಲರು ಹುಬ್ಬೇರಿಸಿದರು. ಡಯೋಡನ್ನು ತಿರುಗಿಸಿ, ಹತ್ತು ವೋಲ್ಟ್ ಹಿಮ್ಮುಖ ಕೊಟ್ಟಳು. ಮುಳ್ಳು ಸೊನ್ನೆಯಲ್ಲಿ ನಿಲ್ಲದೆ ಐದಕ್ಕೆ ಬಂದು ನಿಂತಿತು. ಅವಳು ಹೆಬ್ಬೆರಳು ತೋರುಬೆರಳಿನ ನಡುವೆ ಗಾಜನ್ನು ಮೆಲ್ಲಗೆ ಹಿಡಿದಳು. ಆರು. ಏಳೂವರೆ. ಒಂಬತ್ತು. ಬೆರಳು ಬಿಟ್ಟಾಗ ಮುಳ್ಳು ಮನಸ್ಸಿಲ್ಲದವರಂತೆ ನಿಧಾನವಾಗಿ ಇಳಿಯಿತು.

ಅದು ಕೈಯ ಕರೆಂಟು ಎಂದರು ಪಾಯಿಂಟ್ ಸೆವೆನ್ ಮೇಷ್ಟ್ರು. ತಂತಿಗೆ ಬೆರಳು ತಗುಲಿರುತ್ತೆ, ಬೆವರಿನ ಮೂಲಕ ಹರಿದಿರುತ್ತೆ, ಇದೆಲ್ಲ ಅಂಗಡಿ ಚಮತ್ಕಾರ. ಆ ಆಕ್ಷೇಪ ಸರಿಯಾದದ್ದೇ ಆಗಿತ್ತು. ಇಪ್ಪತ್ತೆರಡು ವರ್ಷದಲ್ಲಿ ಮೇಷ್ಟ್ರ ಬಾಯಿಂದ ಬಂದ ಮೊದಲ ನಿಜವಾದ ಪ್ರಶ್ನೆ ಅದು. ಅಕ್ಕನಿಗೂ ಹಾಗನ್ನಿಸಿರಬೇಕು, ಗೌರವದಿಂದ ತಲೆಯಾಡಿಸಿದಳು.

"ಹಾಗಾದ್ರೆ ಮುಟ್ಟೋದೇ ಬೇಡ ಸಾರ್."

ಸೋಲ್ಡರಿಂಗ್ ಐರನ್ ಕಾಯಿಸಿ, ಎರಡು ಬೆರಳು ದೂರದಲ್ಲಿ ಹಿಡಿದಳು. ಏನನ್ನೂ ಮುಟ್ಟಿರಲಿಲ್ಲ. ಮುಳ್ಳು ಎದ್ದು ಹತ್ತು ದಾಟಿ, ಹದಿನೈದು ದಾಟಿ ಹೋಯಿತು. ಆಮೇಲೆ ಡ್ರಾಯರಿನಿಂದ ಒಂದು ಸಿಲಿಕಾನ್ ಡಯೋಡ್ ಹಾಕಿ ಅದನ್ನೇ ಮಾಡಿದಳು. ಮುಳ್ಳು ಸೊನ್ನೆಯ ಮೇಲೆ ಸತ್ತಂತೆ ಮಲಗಿತ್ತು. ಪ್ರಿನ್ಸಿಪಾಲರು ಐರನ್ನನ್ನು ತಾವೇ ಇಸಿದುಕೊಂಡು ಎರಡು ಸಲ ಮಾಡಿ ನೋಡಿದರು. ಅವರ ಮುಖದಲ್ಲಿ ಫೈಲಿನ ಧೂಳು ಒಂದು ಕ್ಷಣ ಹಾರಿದಂತೆ ಕಂಡಿತು.

"ಜರ್ಮೇನಿಯಂ," ಎಂದರು.

ಆಮೇಲೆ ಇನ್ನೊಂದು ಕಿಟ್ ತೆರೆಸಿದರು. ಅದೂ ಜರ್ಮೇನಿಯಂ. ಮತ್ತೊಂದು. ಹೀಗೆ ಒಂದೊಂದಾಗಿ ಎಲ್ಲವನ್ನೂ ತೆರೆಸಿದರು. ಇಪ್ಪತ್ತನಾಲ್ಕು ಕಿಟ್ಟಿನಲ್ಲೂ ಮೂರಕ್ಕೇ ತೆರೆಯುವ ಬಾಗಿಲು. ಇಪ್ಪತ್ತಮೂರು ಜನ ಏಳು ಬರೆದಿದ್ದಾರೆ. ಅಂದರೆ ಇಪ್ಪತ್ತಮೂರು ಜನ ಮೀಟರನ್ನೇ ನೋಡಿಲ್ಲ, ನೋಡಿದ್ದರೂ ನಂಬಿಲ್ಲ. ಮತ್ತು ಅದಕ್ಕೆಲ್ಲ ಟಿಕ್ ಹಾಕಿದವರು ಪಕ್ಕದಲ್ಲೇ ನಿಂತಿದ್ದಾರೆ.

ಮೇಷ್ಟ್ರು ಬೆವರಿದ್ದರು. ಒಂದು ದಾರಿ ಇದೆ ಎಂದರು. ಈಕೆ ತನ್ನ ಕಿಟ್ಟಿನ ಡಯೋಡು ದೋಷಪೂರಿತವಾಗಿತ್ತು ಎಂದು ಒಂದು ಸಾಲು ಬರೆದು ಸಹಿ ಹಾಕಿಕೊಡಲಿ. ಅದರ ಆಧಾರದ ಮೇಲೆ ಅಂಕ ಕೊಟ್ಟು ಇವತ್ತೇ ಪಾಸು ಮಾಡಬಹುದು. ಮಿಕ್ಕವರ ವಿಷಯ ಎತ್ತುವುದು ಬೇಡ, ಕಾಲೇಜಿನ ಮಾನದ ಪ್ರಶ್ನೆ. ಪ್ರಿನ್ಸಿಪಾಲರು ಕಿಟಕಿಯ ಕಡೆ ನೋಡಿದರು. ಬೇಡ ಅನ್ನಲಿಲ್ಲ.

ಡಬ್ಬಿಗೆ ಒಳಗೊಳಗೇ ಹಾಯೆನಿಸಿತು. ಅಕ್ಕ ಪಾಸು, ಪಟ್ಟಿಯಲ್ಲಿ ಹೆಸರು, ತನ್ನ ಕೆಲಸವೂ ಭದ್ರ. ಹಾಳೆ ಮುಂದೆ ಬಂತು, ಪೆನ್ನೂ ಬಂತು. ಅಕ್ಕ ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದಳು.

"ಡಯೋಡ್‌ಗೆ ಏನೂ ಆಗಿಲ್ಲ ಸಾರ್. ಅದು ಹೇಗಿರ್ಬೇಕೋ ಹಾಗೇ ಇದೆ. ಸರಿ ಇರೋದನ್ನ ಕೆಟ್ಟಿದೆ ಅಂತ ಬರೆದು ಸಹಿ ಹಾಕೋದಾದ್ರೆ, ಆ ಸಹಿಗೋಸ್ಕರ ನಾನ್ಯಾಕೆ ಮೂರು ವರ್ಷ ಬರ್ಬೇಕಿತ್ತು? ಅಂಥಾ ಸಹಿ ನನಗೆ ಶನಿವಾರ ಶನಿವಾರ ಅಂಗಡಿ ಬಾಗಿಲಿಗೇ ಬರ್ತಿತ್ತು."

ಅವಳು ಗೋಡೆಯ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ಅವನು ಕಣ್ಣು ತಪ್ಪಿಸಿ ಪಾರಾಗುತ್ತಿದ್ದ. ನೋಡದೆ ಆಡಿದ ಮಾತು ನೇರ ಬಂದು ನಾಟಿತು. ಪ್ರಿನ್ಸಿಪಾಲರು, ಯೋಚನೆ ಮಾಡಮ್ಮ, ಇಲ್ಲದಿದ್ರೆ ನಿನ್ನ ಫಲಿತಾಂಶ ಇದ್ದ ಹಾಗೇ ಉಳಿಯುತ್ತೆ ಎಂದರು. ಉಳೀಲಿ ಸಾರ್, ಎಂದು ಅವಳು ಚೀಲ ಹೆಗಲಿಗೇರಿಸಿದಳು.

"ಸಾರ್," ಅಂದ ಡಬ್ಬಿ.

ಎಲ್ಲರೂ ತಿರುಗಿದರು. ಲ್ಯಾಬಿನ ಬೀರು ಮಾತಾಡಿದ್ದರೂ ಅವರಿಗೆ ಇಷ್ಟು ಆಶ್ಚರ್ಯವಾಗುತ್ತಿರಲಿಲ್ಲ. ಅವನು ಚೀಲದಿಂದ ತಗಡಿನ ಪೆಟ್ಟಿಗೆ ತೆಗೆದು ತಳ ಮೇಲಾಗಿ ಇಟ್ಟ. ಅದರ ಪಕ್ಕದಲ್ಲಿ ತನ್ನ ರೆಕಾರ್ಡ್ ಪುಸ್ತಕ, ಆರನೆಯ ಪುಟ ತೆರೆದು.

"ಕಿಟ್ ಕಟ್ಟಿದ್ದು ನಾನು. ನೋಡದೆ ಹಾಕಿದ್ದು ನಾನು. ಬರ್ಕೊಳ್ಳೋದಾದ್ರೆ ಅದನ್ನ ಬರ್ಕೊಳ್ಳಿ. ಮತ್ತೆ ಇದು ನನ್ನ ಪುಸ್ತಕ. ಇದ್ರಲ್ಲೂ ಪಾಯಿಂಟ್ ಸೆವೆನ್ ಇದೆ, ಉತ್ತಮ ಅಂತ ಬೇರೆ ಇದೆ. ನಾನು ಅವತ್ತು ಸರ್ಕ್ಯೂಟೇ ಕಟ್ಟಿರ್ಲಿಲ್ಲ ಸಾರ್. ಈ ಕೋಣೇಲಿ ಡಯೋಡ್ ನೋಡಿ ಬರೆದಿರೋದು ಇವರೊಬ್ರೇ. ಇವರನ್ನ ಫೇಲ್ ಮಾಡೋದಾದ್ರೆ ನನ್ನ ಡಿಪ್ಲೊಮಾನೂ ವಾಪಸ್ ತಗೊಳ್ಳಿ."

ಹೇಳಿದ ಮೇಲೆ ಮೊಣಕಾಲು ನಡುಗುತ್ತಿರುವುದು ಗೊತ್ತಾಯಿತು. ಗ್ರಾಫಿನಲ್ಲಿ ತಾನು ಬರೆದದ್ದು ಇಂಥದ್ದೇ ಮೊಣಕಾಲು ಎಂಬ ಕೆಲಸಕ್ಕೆ ಬಾರದ ಯೋಚನೆಯೂ ಬಂತು. ಪ್ರಿನ್ಸಿಪಾಲರು ಆರನೆಯ ಪುಟವನ್ನು ಬಹಳ ಹೊತ್ತು ನೋಡಿದರು. ಕೆಳಗಿನ ಕೆಂಪು ಶಾಯಿಯ ಸಹಿಯನ್ನೂ ನೋಡಿದರು. ಅದು ಪಾಯಿಂಟ್ ಸೆವೆನ್ ಮೇಷ್ಟ್ರದ್ದು. ಆಮೇಲೆ ದೋಷಪೂರಿತ ಎಂದು ಬರೆಯಬೇಕಿದ್ದ ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡರು.

ಮೂರು ದಿನದ ಮೇಲೆ ಇಪ್ಪತ್ತನಾಲ್ಕು ಜನರಿಗೂ ಮರುಪರೀಕ್ಷೆ ನಡೆಯಿತು. ಅದೇ ಡಯೋಡು, ಬಾಗಿಲಲ್ಲಿ ಪ್ರಿನ್ಸಿಪಾಲರು. ಇಪ್ಪತ್ತಮೂರು ಜನ ಅಕ್ಕನನ್ನು ನುಂಗುವಂತೆ ನೋಡಿದರು. ಅವಳು ಸ್ಟೂಲಿನ ಮೇಲೆ ಅಂಗಡಿಯಲ್ಲಿ ಕೂತಂತೆಯೇ ಕೂತಳು. ಒಬ್ಬನಿಗೆ ಪಾಯಿಂಟ್ ಎರಡು ಎಂಟು ಬಂತು, ಒಬ್ಬಳಿಗೆ ಪಾಯಿಂಟ್ ಮೂರು ಎರಡು. ನಾಲ್ವರ ಡಯೋಡು ಹೊಗೆಯಾಯಿತು. ಒಬ್ಬ ಮಾತ್ರ, ಏನಾದರೂ ಆಗಲಿ ಎಂದು, ಮತ್ತೆ ಪಾಯಿಂಟ್ ಸೆವೆನ್ ಬರೆದ. ಡಬ್ಬಿಗೆ ಅವನ ಮೇಲೆ ಒಡಹುಟ್ಟಿದವನ ಪ್ರೀತಿ ಉಕ್ಕಿತು. ಅಕ್ಕ ಪಾಯಿಂಟ್ ಮೂರು ಒಂದು ಬರೆದು, ಕೆಳಗೆ ಕೋಣೆಯ ಉಷ್ಣತೆಯನ್ನೂ ಬರೆದಿದ್ದಳು. ಎಲ್ಲರೂ ಹೋದ ಮೇಲೆ ಮೇಷ್ಟ್ರು ಒಬ್ಬರೇ ಹಿಂದುಳಿದು, ಯಾರೂ ನೋಡುತ್ತಿಲ್ಲ ಅಂದುಕೊಂಡು ಗಾಜಿನ ಮೇಲೆ ಬೆರಳಿಟ್ಟರು, ತೆಗೆದರು, ಇಟ್ಟರು. ಮುಳ್ಳು ಏರಿತು, ಇಳಿಯಿತು, ಏರಿತು. ಡಬ್ಬಿ ಬಾಗಿಲಲ್ಲಿ ನಿಂತು ಕಾದ, ಮೀಟರನ್ನು ವಾಪಸು ಕೇಳಲಿಲ್ಲ.

ಅವನ ಕೈಗೂ ಒಂದು ಕಾಗದ ಬಂತು. ನಿರ್ಲಕ್ಷ್ಯಕ್ಕಾಗಿ ಗುತ್ತಿಗೆಯನ್ನು ಈ ಅವಧಿಯ ಆಚೆಗೆ ಮುಂದುವರಿಸಲಾಗುವುದಿಲ್ಲ. ಅಮ್ಮನಿಗೆ ಹೇಳಿದಾಗ ಅವಳು, ಮಾಡಿದ್ದನ್ನ ಮಾಡಿದೆ ಅಂತ ಹೇಳಿದ್ದಕ್ಕೆ ತಾನೇ, ಹೋಗಲಿ ಬಿಡು ಎಂದಳು. ಬೀದಿಯಲ್ಲಿ ಏನು ಹೇಳಬೇಕೆಂದು ಮಾತ್ರ ಅವಳಿಗೆ ಇನ್ನೂ ಹೊಳೆದಿರಲಿಲ್ಲ.

ಅಕ್ಕನ ಹೆಸರಿದ್ದ ಆಸ್ಪತ್ರೆಯ ಪಟ್ಟಿ ಬಂದ ಮೇಲಿನ ಶನಿವಾರ, ಅಭ್ಯಾಸಬಲದಿಂದ ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ಅವನು ಅಂಗಡಿಗೆ ಹೋದ. ಬುಟ್ಟಿ ತುಂಬಿತ್ತು. ಫಾರಂಗಳು ಬೆಂಚಿನ ಮೇಲಿದ್ದವು. ಅಕ್ಕ ಕೈ ಚಾಚಿ ಅವನ ಜೇಬಿನಿಂದಲೇ ಪೆನ್ನು ತೆಗೆದುಕೊಂಡಳು. "ಖುದ್ದಾಗಿ ಪರೀಕ್ಷಿಸಿ ದುರಸ್ತಿಗೊಳಿಸಿರುತ್ತೇನೆ" ಎಂಬ ಸಾಲಿನ ಕೆಳಗೆ ಒಂದೊಂದೇ ಅಕ್ಷರ ಬಿಡಿಬಿಡಿಯಾಗಿ, ಒಂದನೇ ತರಗತಿಯ ಕಾಪಿ ಪುಸ್ತಕದಲ್ಲಿ ಬರೆದಂತೆ ಪೂರ್ತಿ ಹೆಸರು ಬರೆದಳು. ಸುತ್ತಿಲ್ಲ, ಬಾಲವಿಲ್ಲ. ಯಾರು ಬೇಕಾದರೂ ಓದಬಹುದಿತ್ತು. ಏನು ಬರೆದೆ, ಹೇಗೆ ಬರೆದೆ ಎಂದು ಅಪ್ಪ ಕೇಳಿದ. ಅವಳು ಕಾಗದವನ್ನು ಅವನ ಕೈಗೆ ಕೊಟ್ಟಳು. ಒತ್ತಿ ಬರೆದಿದ್ದರಿಂದ ಅವನು ಹಿಂಬದಿಯಿಂದ ಬೆರಳಾಡಿಸಿ ಅಕ್ಷರ ಹಿಡಿದ. ಎರಡು ಸಲ ತಡವಿದ.

ಡಬ್ಬಿ ಸ್ಟೂಲಿನಿಂದ ಏಳಲೋ ಬೇಡವೋ ಎಂದು ತಿಳಿಯದೆ ಕೂತಿದ್ದ. ಸಹಿಯಿಲ್ಲದ ಮೇಲೆ ತಾನು ಆ ಅಂಗಡಿಯಲ್ಲಿ ಏನು ಎಂಬುದು ಅವನಿಗೆ ಗೊತ್ತಿರಲಿಲ್ಲ. ಅಕ್ಕ ಒಂದು ಬಿಚ್ಚಿದ ಕ್ಲಿಪ್ಪನ್ನೂ ಮೀಟರನ್ನೂ ಅವನ ಮುಂದೆ ತಳ್ಳಿದಳು.

"ಬೆಳಕು ಹಿಡಿಯೋ ಚೌಕ ಅದು. ಬಟ್ಟೆ ಮುಚ್ಚಿ ಕತ್ತಲಲ್ಲಿ ಎಷ್ಟು ಸೋರುತ್ತೆ ನೋಡು."

ಅವನು ವೈರು ಮುಟ್ಟಿಸಿ, ಬಟ್ಟೆ ಮುಚ್ಚಿ, ಬಗ್ಗಿದ. ಬಾಯಿಗೆ ತಾನಾಗಿ ಬಂದದ್ದು ಹಳೆಯ ಪಾಠ.

"ಕತ್ತಲಲ್ಲಿ ಸೊನ್ನೆ ಇರ್ಬೇಕಲ್ವಾ ಅಕ್ಕ?"

"ಇರ್ಬೇಕಾದ್ದು ನಂಗೂ ಗೊತ್ತು. ಇರೋದು ಹೇಳು."

ಅವನು ಮತ್ತೆ ಬಗ್ಗಿ ನೋಡಿದ. ಮುಳ್ಳು ಸೊನ್ನೆಯಲ್ಲಿರಲಿಲ್ಲ.

"ನಾಲ್ಕು," ಎಂದ. "ಕೆಟ್ಟಿದೆ."

"ಬರ್ಕೋ ಮತ್ತೆ," ಎಂದು ಅಕ್ಕ ಪೆನ್ನು ವಾಪಸು ಕೊಟ್ಟಳು.